ಎಲ್ಲಕ್ಕೂ ಹೊಂದುವ ಪೆಟ್ಟಿಗೆ

ಮಂಗಲ್ಪಾಡಿಯ ನಮ್ಮ ವಾರ್ಡಿಗೆ ಹದಿನೈದು ವರ್ಷ ಕೇಬಲ್ ಟಿವಿ ಕೊಟ್ಟ ನನಗೆ ಇಂಟರ್‌ನೆಟ್ ಕೊಡುವುದು ಕಷ್ಟವೆಂದು ಅನಿಸಲೇ ಇಲ್ಲ. ಎರಡೂ ವಯರಿನಲ್ಲಿ ಬರುವುದೇ ಅಲ್ಲವೇ?

ಮನೆಮನೆಗೆ ಇಂಟರ್‌ನೆಟ್ ಹಂಚುವ ಯಂತ್ರಕ್ಕೆಂದು ಕಾಸರಗೋಡಿಗೆ ಹೋದೆವು. ಅಂಗಡಿಯವರು ಎರಡು ಪೆಟ್ಟಿಗೆ ತೋರಿಸಿದರು. ಸಣ್ಣದು ಒಂದೇ ಜಾತಿಯ ಮೋಡೆಮಿಗೆ ಹೊಂದುತ್ತದೆ. ವಯರು ಚುಚ್ಚಿದರೆ ಮುಗಿಯಿತು. ದೊಡ್ಡದು ಎಲ್ಲ ಜಾತಿಗೂ ಹೊಂದುತ್ತದೆ, ಟಿವಿಯನ್ನೂ ಅದರಿಂದಲೇ ಕಳಿಸಬಹುದು. ಆದರೆ ಯಾವ ಕಿಂಡಿ ಯಾವ ಮೋಡೆಮಿಗೆ ಎಂದು ನಾವೇ ಅದಕ್ಕೆ ಹೇಳಿಕೊಡಬೇಕು.

"ನಾವು ತಂದಿಟ್ಟ ಮೋಡೆಮ್ ಎಲ್ಲ ಒಂದೇ ಜಾತಿದಲ್ವಾ? ಸಣ್ಣದು ಸಾಕು ಮಾರಾಯ್ರೆ," ಎಂದಳು ನನ್ನ ಹೆಂಡತಿ ಯಶೋದಾ.

"ನಾಳೆ ಎಂತ ಬರ್ತದೋ ಯಾರಿಗೆ ಗೊತ್ತುಂಟು? ಭವಿಷ್ಯ ನೋಡ್ಬೇಕು," ಎಂದೆ.

ಭವಿಷ್ಯವನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಮನೆಗೆ ಬಂದೆ.

ಮೊದಲ ಸಂಪರ್ಕ ಪಕ್ಕದ ಮನೆಯ ಕದೀಜಮ್ಮನಿಗೆ. ಬಹರೈನಿನಲ್ಲಿರುವ ಅವರ ಮಗಳಿಗೆ ಹೆರಿಗೆಯಾಗಿ ನಾಲ್ಕು ದಿನವಾಗಿತ್ತು. ಶುಕ್ರವಾರ ಹನ್ನೊಂದಕ್ಕೆ ವಿಡಿಯೋದಲ್ಲಿ ಮೊಮ್ಮಗಳನ್ನು ತೋರಿಸುವುದೆಂದು ಮಾತಾಗಿತ್ತು. ಕದೀಜಮ್ಮ ಬೆಳಗ್ಗೆಯೇ ಹೊಸ ಸೀರೆ ಉಟ್ಟು, ಮಗಳು ಕಳಿಸಿದ ಟ್ಯಾಬನ್ನು ಒರೆಸಿ ಒರೆಸಿ ಕಾಯುತ್ತಿದ್ದರು.

ಹತ್ತೂವರೆಗೆ ಮೋಡೆಮಿನಲ್ಲಿ ಕೆಂಪು ದೀಪ ಉರಿಯಿತು. ಉರಿಯಬೇಕಾದದ್ದು ಹಸಿರು.

"ಅಳಿಲು ಕಚ್ಚಿರ್ಬೇಕು," ಎಂದು ಘೋಷಿಸಿ ಕಂಬ ಹತ್ತಿದೆ. ಚೆನ್ನಾಗಿಯೇ ಇದ್ದ ವಯರನ್ನು ಕತ್ತರಿಸಿ ಮತ್ತೆ ಜೋಡಿಸಿದೆ. ಕೆಂಪು. ಮೋಡೆಮ್ ಬದಲಿಸಿದೆ. ಅದೂ ಕೆಂಪು. ಎರಡನೆಯ ಸಲ ಕಂಬ ಹತ್ತಿದಾಗ ಕೆಳಗಿನಿಂದ ಯಶೋದಾ ಕೇಳಿದಳು:

"ಆ ಪೆಟ್ಟಿಗೆಗೆ ನಮ್ಮ ಮೋಡೆಮ್ ಯಾವ ಜಾತೀಂತ ಹೇಳಿದ್ದೀರಾ?"

ಹೇಳಿರಲಿಲ್ಲ. ಮುಂದೆಂದೋ ಬರಬಹುದಾದ ಮೋಡೆಮಿಗೆಂದು ಅಷ್ಟೂ ಕಿಂಡಿಗಳನ್ನು ಸಿದ್ಧಮಾಡಿಟ್ಟಿದ್ದೆ. ಇವತ್ತಿನದಕ್ಕೆ ಒಂದೂ ಉಳಿದಿರಲಿಲ್ಲ.

ಕಂಬದಿಂದ ಜಾರಿ, ಪೆಟ್ಟಿಗೆ ಇಟ್ಟಿದ್ದ ನಮ್ಮ ಕೋಣೆಗೆ ಓಡಿ ಕಿಂಡಿಗಳನ್ನೆಲ್ಲ ನಮ್ಮ ಮೋಡೆಮಿಗೆ ಬದಲಿಸಿದೆ. ಪೆಟ್ಟಿಗೆ ತನ್ನಷ್ಟಕ್ಕೆ ಆರಿ, ಮತ್ತೆ ಏಳತೊಡಗಿತು. ಟಿವಿಯನ್ನೂ ನಾನು ಅದಕ್ಕೇ ಜೋಡಿಸಿದ್ದೆನಲ್ಲ, ಇಡೀ ವಾರ್ಡಿನ ಟಿವಿ ಸತ್ತಿತು. ನನ್ನ ಫೋನಿಗೆ ಜೀವ ಬಂತು.

"ಎಂತ ದಿವಾಕರ, ಕ್ರಿಕೆಟ್ ನೋಡ್ಲಿಕ್ಕೂ ಬಿಡುದಿಲ್ವಾ?"

"ಮೇಲಿನಿಂದಲೇ ತೊಂದರೆ," ಎಂದು ಎಲ್ಲರಿಗೂ ಗಂಭೀರವಾಗಿ ಉತ್ತರಿಸಿದೆ. ಅಷ್ಟು ಹೊತ್ತು ಮೇಲೆ ಇದ್ದವನು ನಾನೊಬ್ಬನೇ.

ಹಸಿರು ದೀಪ ಬಂದಾಗ ಹನ್ನೊಂದೂವರೆ. ಬರಿಗಾಲಲ್ಲಿ ಓಡಿ, "ಬಂತು, ಬಂತು," ಎಂದು ಕೂಗುತ್ತ ಕದೀಜಮ್ಮನ ಮನೆಯೊಳಗೆ ನುಗ್ಗಿದೆ.

"ಮೆಲ್ಲ ಮಾರಾಯ," ಎಂದರು ಕದೀಜಮ್ಮ. "ಮಗು ಈಗಷ್ಟೇ ಮಲಗಿದ್ದು."

ಅವರ ಕೈಯಲ್ಲಿ ಯಶೋದಾಳ ಮೊಬೈಲ್ ಇತ್ತು. ಅದರಲ್ಲಿ, ಬಿಳಿ ಬಟ್ಟೆಯ ನಡುವೆ, ಮುಷ್ಟಿ ಬಿಗಿದುಕೊಂಡ ಒಂದು ಪುಟ್ಟ ಕೂಸು. ಹನ್ನೊಂದಕ್ಕೆ ಸರಿಯಾಗಿ ಯಶೋದಾ ತನ್ನ ಮೊಬೈಲಿನ ಡೇಟಾದಿಂದಲೇ ಬಹರೈನಿಗೆ ವಿಡಿಯೋ ಕರೆ ಮಾಡಿಕೊಟ್ಟಿದ್ದಳು.

ಕದೀಜಮ್ಮ ಕಣ್ಣೊರೆಸಿಕೊಂಡರು. "ಎಷ್ಟು ಚಂದ ಕಾಣ್ತದೆ ದಿವಾಕರ. ನಿನ್ನ ಇಂಟರ್‌ನೆಟ್ ಭಾರೀ ಒಳ್ಳೇದುಂಟು."

ನಾನು ಯಶೋದಾಳನ್ನು ನೋಡಿದೆ. ಅವಳು ಚಹಾ ಕುಡಿಯುತ್ತಿದ್ದಳು.

"ದೊಡ್ಡ ಪೆಟ್ಟಿಗೆ ಅಲ್ವಾ ಕದೀಜಮ್ಮ," ಎಂದೆ.