ಬಿಯರ್ ನನ್ನದು, ಪಿಎಚ್ ಮೀಟರ್ ಯಜಮಾನರದಂತೆ

ಬಿಯರ್ ಮಾಡುವ ಹೆಂಗಸಿಗೆ ಪಿತ್ತ ನೆತ್ತಿಗೇರಲು ದೊಡ್ಡ ಕಾರಣವೇನೂ ಬೇಡ, ಗಂಡನನ್ನು ಜೊತೆಗೆ ಕರೆದುಕೊಂಡು ಅಂಗಡಿಗೆ ಹೋದರೆ ಸಾಕು. ಮಾರ್ಗನ್ ಹಿಲ್‌ನ ನಮ್ಮ ಗ್ಯಾರೇಜಿನಲ್ಲಿ ಆರು ವರ್ಷದಿಂದ ಬಿಯರ್ ಮಾಡುತ್ತಿರುವವಳು ನಾನು. ನಮ್ಮವರು ಅದರ ವಾಸನೆಗೇ ಮೂಗು ಮುಚ್ಚಿಕೊಳ್ಳುವವರು. ಹೋದ ಸಲ, ಮನೆಯಲ್ಲೇ ಬಿಯರ್ ಮಾಡುವವರ ಕ್ಲಬ್ಬಿನ ಸ್ಪರ್ಧೆಯಲ್ಲಿ ನನ್ನ ಬಿಯರ್ ಒಗರು ಎಂದು ಪಕ್ಕಕ್ಕೆ ತಳ್ಳಿದರು. ಬಾರ್ಲಿಯನ್ನು ಬಿಸಿನೀರಲ್ಲಿ ನೆನೆಹಾಕಿದಾಗ ಹುಳಿಯ ಹದ ತಪ್ಪಿದರೆ ಹಾಗಾಗುತ್ತದೆ. ಈ ಸಲ ಆ ಹದ ಅಳೆಯಲು ಒಳ್ಳೆಯ ಪಿಎಚ್ ಮೀಟರ್ ತಂದು, ಪದಕ ನನ್ನ ಕೊರಳಿಗೇ ಬೀಳುವಂತೆ ಮಾಡುತ್ತೇನೆಂದು ಹಟ ತೊಟ್ಟೆ.

ಅಂಗಡಿಯವನು

"ತುದಿಯ ಎಲೆಕ್ಟ್ರೋಡ್ ಕೆಟ್ಟರೆ ಅದೊಂದನ್ನೇ ಬದಲಾಯಿಸಬಹುದಾ?" ಎಂದು ಕೇಳಿದವಳು ನಾನು. ಅಂಗಡಿಯವನು ಉತ್ತರ ಕೊಟ್ಟದ್ದು ಪಕ್ಕದಲ್ಲಿ ನಿಂತಿದ್ದ ನಮ್ಮವರಿಗೆ. ಎರಡನೇ ಪ್ರಶ್ನೆಯನ್ನೂ ನಾನೇ ಕೇಳಿದೆ, ಅದರ ಉತ್ತರವೂ ಅವರಿಗೇ ಹೋಯಿತು. ಅವರು ಹತ್ತು ನಿಮಿಷ ಗಂಭೀರವಾಗಿ ತಲೆಯಾಡಿಸಿದರು. ನನಗೆ ಮೈ ಉರಿದುಹೋಗಿ ಏನೂ ಕೊಳ್ಳದೆ ಹೊರಬಂದೆ.

ಕಾರಿನಲ್ಲಿ, "ರೀ, ಅವನು ಹೇಳಿದ್ದು ನಿಮಗೇನಾದ್ರೂ ಅರ್ಥ ಆಯ್ತಾ?" ಅಂದೆ.

"ಒಂದಕ್ಷರ ಇಲ್ಲ ಕಣೆ. ಪಾಪ, ಅಷ್ಟು ಆಸೆಯಿಂದ ಹೇಳ್ತಿದ್ದ. ಬೇಜಾರಾಗ್ಬಾರ್ದು ಅಂತ ತಲೆ ಆಡಿಸ್ದೆ."

ಗೆಳೆಯ

ಇವರ ಗೆಳೆಯನೊಬ್ಬನಿಗೆ ಬಿಯರ್ ಕುಡಿದು ಗೊತ್ತೇ ಹೊರತು ಮಾಡಿ ಗೊತ್ತಿಲ್ಲ. ಆದರೂ ಊಟಕ್ಕೆ ಬಂದವನು, "ಅತ್ತಿಗೆ, ಇದೆಲ್ಲ ನಿಮಗೆ ಕನ್‌ಫ್ಯೂಸ್ ಆಗುತ್ತೆ. ನಾನು ರಿವ್ಯೂ ಓದಿದೀನಿ" ಎಂದು ಅಲ್ಲೇ ಫೋನಿನಲ್ಲಿ ಒಂದು ಅಗ್ಗದ ಮೀಟರ್ ಆರ್ಡರ್ ಮಾಡಿದ.

ಹುಳಿ ಹೆಚ್ಚಿದಷ್ಟೂ ಮೀಟರಿನ ಅಂಕಿ ಇಳಿಯಬೇಕು. ಬಂದ ಮೀಟರು ತೋರಿಸಿದ್ದು ನೀರಿಗೂ ಏಳು, ನಿಂಬೆರಸಕ್ಕೂ ಏಳು, ಸೋಪಿನ ನೀರಿಗೂ ಏಳು. ಮುಂದಿನ ವಾರ ಅವನನ್ನು ಕೂರಿಸಿ, ಹಲ್ಲು ಕಡಿಯುತ್ತ ಮೂರು ಲೋಟದಲ್ಲೂ ಅದ್ದಿ ತೋರಿಸಿದೆ.

"ನೋಡಿದ್ರಾ ಅತ್ತಿಗೆ," ಅಂದ ಪುಣ್ಯಾತ್ಮ, "ರೀಡಿಂಗು ಎಷ್ಟು ಸ್ಟೇಬಲ್ಲಾಗಿದೆ!"

ಅತ್ತೆ

ಕೊನೆಗೆ ನಾನೇ ಓದಿ, ನಾನೇ ಆರಿಸಿ, ಎಲೆಕ್ಟ್ರೋಡ್ ಬದಲಾಯಿಸಬಹುದಾದ ಮೀಟರ್ ತರಿಸಿದೆ. ಅದರ ತುದಿ ಯಾವಾಗಲೂ ಮುಚ್ಚಳದೊಳಗಿನ ಉಪ್ಪುದ್ರಾವಣದಲ್ಲಿ ಒದ್ದೆಯಾಗಿರಬೇಕು, ಒಣಗಿದರೆ ಕೆಟ್ಟಿತು. ಹಾಸನದಿಂದ ಬಂದಿದ್ದ ಅತ್ತೆ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಹಿತ್ತಲಿನ ಪ್ಯಾಟಿಯೋದಲ್ಲಿ ಬಿಸಿಲಿಗೆ ಒಣಗಿಸಿದ್ದರು, ಉದ್ದಿನ ಹಪ್ಪಳದ ಪಕ್ಕದಲ್ಲೇ.

"ಅತ್ತೆ! ಕೇಳದೆ ಯಾಕೆ ಮುಟ್ಟಿದ್ರಿ?" ಎಂದು ಕಿರುಚಿದೆ.

ಅವರು ಹಪ್ಪಳ ಮಗುಚುತ್ತಲೇ ಹೇಳಿದರು: "ನನ್ನ ಮಗನ ಸಾಮಾನು ನಾನು ತೊಳೀಬಾರ್ದೇನಮ್ಮಾ?"

ಪದಕ

ಹೊಸ ಎಲೆಕ್ಟ್ರೋಡ್ ಹಾಕಿ ಅಳೆದು ಬಿಯರ್ ಮಾಡಿ ಸ್ಪರ್ಧೆಗೆ ಇಟ್ಟೆ. ಗೆದ್ದೆ! ಮೈಕಿನಲ್ಲಿ ನನ್ನ ಹೆಸರನ್ನು ಹೇಗೋ ತಿರುಚಿ ಕೂಗಿದರು. ಬಾಟಲಿಯ ಕ್ರೇಟು ಹೊತ್ತು ವೇದಿಕೆಯ ಪಕ್ಕ ನಿಂತಿದ್ದವರು ನಮ್ಮವರು. ತೀರ್ಪುಗಾರ ಅವರನ್ನೇ ಮೇಲೆಳೆದು, ಕೊರಳಿಗೆ ಪದಕ ಹಾಕಿ, ಕೈಗೆ ಮೈಕು ಕೊಟ್ಟುಬಿಟ್ಟ.

ನಮ್ಮವರು ಸುಳ್ಳು ಹೇಳುವವರಲ್ಲ. "ನಾನೇನೂ ಮಾಡಿಲ್ಲ, ಎಲ್ಲ ಮಾಡಿದ್ದು ನನ್ನ ಹೆಂಡತಿ" ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿಯೇ ಹೇಳಿದರು. ಎಂಥ ವಿನಯ ಎಂದು ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ನನಗೆ ಪಿತ್ತ ನೆತ್ತಿಗೇರಿತು. ದಡದಡ ವೇದಿಕೆ ಹತ್ತಿ, ಅವರ ಕೊರಳಿನಿಂದ ಪದಕ ಕಿತ್ತು ನನ್ನ ಕೊರಳಿಗೆ ಹಾಕಿಕೊಂಡೆ. ಚಪ್ಪಾಳೆ ಇಮ್ಮಡಿಯಾಯಿತು.

ತೀರ್ಪುಗಾರ ಗದ್ಗದನಾಗಿ ಮೈಕು ತೆಗೆದುಕೊಂಡ: "ನೋಡಿ, ಪದಕವನ್ನೂ ಹೆಂಡತಿಗೇ ಕೊಟ್ಟುಬಿಟ್ಟರು!"