ಚಳಿಗಾಲದಲ್ಲಿ ಭಾವ ಓಡಿದ್ದು

ನಮ್ಮ ಭಾವನಂಥ ಕಲ್ಲೆದೆಯ ಮನುಷ್ಯ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕು ಜಾಲಾಡಿದರೂ ಸಿಗುವುದಿಲ್ಲವೆಂದು ಮೊನ್ನೆಮೊನ್ನೆಯವರೆಗೂ ನಂಬಿದ್ದೆ. ಹಾಗಂತ ಅವರು ಯಾರಿಗೂ ಹೊಡೆದವರಲ್ಲ, ಬೈದವರೂ ಅಲ್ಲ. ಓಡಿದರು, ಅಷ್ಟೇ! ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ಹಲ್ಲು ಕಟಕಟಿಸುವ ಚಳಿಯಲ್ಲಿ, ಯಾರೂ ಅಟ್ಟಿಸಿಕೊಂಡು ಬರದಿದ್ದರೂ ಓಡಿದರು. ಓಡಿದರೆ ನಿಮಗೇನು ಕಷ್ಟ ಎನ್ನುತ್ತೀರಾ? ಸ್ವಲ್ಪ ತಾಳಿ, ಹೇಳುತ್ತೇನೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಮೂವತ್ತು ವರ್ಷ ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಖಾಸಗಿ ಬಸ್ಸು ಓಡಿಸಿ ಈಗ ಕೆಲಸ ಬಿಟ್ಟವರು. ಅಷ್ಟು ವರ್ಷವೂ ಅವರ ಪಾದ ನೆಲ ಮುಟ್ಟಿದ್ದು ಊಟಕ್ಕೆ ಮತ್ತು ಚಹಾಕ್ಕೆ ಮಾತ್ರ. ಮನೆಯಿಂದ ನಾಲ್ಕು ಬಾಗಿಲು ಆಚೆಗಿರುವ ಕ್ಷೌರದಂಗಡಿಗೂ ಸ್ಕೂಟರಿನಲ್ಲೇ ಹೋಗುತ್ತಿದ್ದರು. ಇಂಥವರು ಹೋದ ನವೆಂಬರಿನಲ್ಲಿ ಒಂದು ಕರಪತ್ರ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಜನವರಿ ಕೊನೆಗೆ ತೀರ್ಥಹಳ್ಳಿಯಲ್ಲಿ ಓಟವಂತೆ. ಮೇಳಿಗೆ ರಸ್ತೆಯಲ್ಲಿ ಹೋಗಿ ತಿರುಗಿ ಬರುವುದು, ಒಟ್ಟು ಹತ್ತು ಕಿಲೋಮೀಟರ್, ವಯಸ್ಸಿನ ಮಿತಿ ಇಲ್ಲ.

"ಹೆಸರು ಕೊಟ್ಟಾಯ್ತು ಮಾರಾಯ," ಎಂದರು.

"ಯಾರ್ದು ಭಾವ?"

"ನಂದು. ನಿಂದೂ!"

ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಹೆಸರು ಕೊಟ್ಟದ್ದಕ್ಕಲ್ಲ. ಆಗ ಅವರ ಮನೆಯ ಪರಿಸ್ಥಿತಿ ಹಾಗಿತ್ತು. ಆಷಾಢದ ಮಳೆಯಲ್ಲಿ ಅಕ್ಕ ಹಿತ್ತಲ ಪಾಚಿಗಲ್ಲಿನ ಮೇಲೆ ಜಾರಿಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದಳು. ಶಸ್ತ್ರಚಿಕಿತ್ಸೆ ಮಾಡಿ ಒಳಗೆ ರಾಡು ಹಾಕಿದ್ದರು. ಮೂಳೆ ಕೂಡಿತು. ಇನ್ನು ದಿನಾ ನಡೆಯಬೇಕು, ನಡೆಯದಿದ್ದರೆ ಮುಂದೆ ನಡೆಯಲಿಕ್ಕೇ ಆಗುವುದಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಅಕ್ಕ ವಾಕರ್ ಹಿಡಿದು ಆರು ಹೆಜ್ಜೆ ಇಟ್ಟಳು, ನೋವಿಗೆ ಬೆವತು ಅತ್ತಳು, ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ವ್ಯಾಯಾಮ ಮಾಡಿಸಲು ಬಂದ ಹುಡುಗಿ ಮೂರೇ ದಿನಕ್ಕೆ ಸೋತು ಹೋದಳು. ನಾನು ಬೇಡಿಕೊಂಡೆ, ಗದರಿದೆ, ಕೊನೆಗೆ ನಾನೂ ಸೋತೆ. ಹೆಂಡತಿ ಹೀಗೆ ಮಲಗಿರುವಾಗ ಗಂಡನಾದವನು ಏನು ಮಾಡಬೇಕು? ನಮ್ಮ ಭಾವ ಕೆಂಪು ಬಣ್ಣದ ಬೂಟು ತಂದರು!

ಹಾಗಾದರೆ ನಾನೇಕೆ ಅವರ ಜೊತೆ ಓಡಿದೆ? ದಾರಿಯಲ್ಲಿ ಬಿದ್ದರೆ ಎತ್ತಿ ತರಲು ಒಬ್ಬರಾದರೂ ಬೇಕಲ್ಲ ಎಂದು ನನ್ನ ಹೆಂಡತಿ ಕಳಿಸಿದಳು.

ಮೊದಲ ದಿನ ಬೆಳಿಗ್ಗೆ ಐದೂವರೆಗೆ ಬಾಗಿಲು ಬಡಿದರು. ಮಂಗನ ಟೋಪಿ, ಸ್ವೆಟರಿನ ಮೇಲೆ ಹಳೆಯ ಖಾಕಿ ಅಂಗಿ, ಕೆಳಗೆ ಆ ಕೆಂಪು ಬೂಟು. ಸಾಗರದ ನಮ್ಮ ಮನೆಯಿಂದ ಕೆಳದಿಗೆ ಓಡುವುದೆಂದು ತೀರ್ಮಾನವಾಗಿತ್ತು. ತೀರ್ಮಾನ ಅವರದ್ದು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ನಾಲ್ಕು ಮಾರಿನಾಚೆ ರಸ್ತೆಯೇ ಕಾಣುತ್ತಿರಲಿಲ್ಲ. ಭಾವ ಮಾತ್ರ ಪ್ರತಿ ತಿರುವಿನಲ್ಲೂ ಬಲಗೈ ಚಾಚಿ ಸಿಗ್ನಲ್ ಕೊಡುತ್ತಿದ್ದರು.

"ಯಾರಿಗೆ ಭಾವ ಕೈ ತೋರಿಸ್ತಿರೋದು? ಹಿಂದೆ ನಾನೊಬ್ಬನೇ ಇರೋದು!"

"ನೀನೇ ಬಂದು ಗುದ್ದಿದ್ರೆ?"

ಗುದ್ದುವಷ್ಟು ವೇಗ ನನಗೆಲ್ಲಿ ಬರಬೇಕು? ಊರು ದಾಟಿ ಎರಡು ಕಿಲೋಮೀಟರಿಗೆ ಇಬ್ಬರೂ ರಸ್ತೆ ಪಕ್ಕದ ಮೋರಿಯ ಮೇಲೆ ಕೂತೆವು. ಕೂತವರಿಗೆ ಏಳಲಾಗಲಿಲ್ಲ. ಕಡೆಗೆ ಎಲೆಕೋಸು ತುಂಬಿಕೊಂಡು ಬರುತ್ತಿದ್ದ ಗೂಡ್ಸ್ ಆಟೋದಲ್ಲಿ, ಎಲೆಕೋಸಿನ ಮೇಲೆಯೇ ಕೂತು ವಾಪಸು ಬಂದೆವು. ಮಾರುಕಟ್ಟೆಯ ಎದುರು ಇಳಿಸುವಾಗ ಆಟೋದವನು ಕೇಳಿದ, "ಏನು ಡ್ರೈವರ್ರೇ, ಗಾಡಿ ಕೆಟ್ಟೋಯ್ತಾ?"

"ಹೌದು," ಎಂದರು ಭಾವ. "ಎರಡೂ."

ಮಾರನೆಯ ದಿನದ ಕಾಲುನೋವನ್ನು ಏನೆಂದು ಬಣ್ಣಿಸಲಿ? ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ತರಗತಿಯ ಕಟ್ಟೆಯನ್ನು ಹೇಗೋ ಹತ್ತಿದೆ, ಇಳಿಯಲಾಗಲಿಲ್ಲ. ಗಂಟೆ ಹೊಡೆದರೂ ಅಲ್ಲೇ ನಿಂತಿದ್ದೆ. ಮುಂದಿನ ಪಿರಿಯಡ್ಡಿನ ಸಮಾಜ ವಿಜ್ಞಾನದ ಮೇಡಂ ಬಂದು, ನಾನು ತಮ್ಮ ತರಗತಿಯನ್ನು ಕಸಿಯಲು ನಿಂತಿದ್ದೇನೆಂದು ತಿಳಿದು ಮುಖ್ಯೋಪಾಧ್ಯಾಯರಿಗೆ ದೂರು ಕೊಟ್ಟರು. ನಮ್ಮ ಮನೆಯ ಶೌಚಾಲಯ ಹಳೆಯ ಕಾಲದ್ದು, ಕುಕ್ಕುರುಗಾಲಿನಲ್ಲಿ ಕೂರುವಂಥದ್ದು. ಆ ವಿಷಯ ಇಲ್ಲಿಗೇ ಬಿಡೋಣ.

ಭಾವನ ಪಾಡು ಇನ್ನೂ ಘೋರ. ಅವರ ಮನೆಯ ಮೆಟ್ಟಿಲನ್ನು ಮುಂದಕ್ಕೆ ಇಳಿದರೆ ತೊಡೆ ಹರಿದುಹೋದಂತಾಗುತ್ತದೆ ಎಂದು ಹಿಮ್ಮುಖವಾಗಿ ಇಳಿಯತೊಡಗಿದರು. ಎದುರಿನ ಚಹಾದಂಗಡಿಯವನಿಗೆ ಇದಕ್ಕಿಂತ ಹಬ್ಬ ಬೇಕೆ? ದಿನಾ ಬೆಳಿಗ್ಗೆ ಹೊರಗೆ ಬಂದು ನಿಂತು ಕೂಗುವನು: "ಬರ್ಲಿ, ಬರ್ಲಿ, ಬರ್ಲಿ... ಹೋಲ್ಡಾನ್!"

ಇಷ್ಟಾದರೂ ಬಿಟ್ಟರೆ? ಡಿಸೆಂಬರು ಪೂರ್ತಿ ಓಡಿದರು. ಓಡಿದರು ಎನ್ನುವುದು ಮರ್ಯಾದೆಯ ಮಾತು. ನಮ್ಮನ್ನು ದಾಟಿ ಹೋಗದೆ ಉಳಿದದ್ದು ಮೈಲಿಗಲ್ಲುಗಳು ಮಾತ್ರ. ಅಭ್ಯಾಸವಾದರೆ ನೋವು ಕಡಿಮೆಯಾಗುತ್ತದೆ ಎಂದು ಎಲ್ಲರೂ ಹೇಳುತ್ತಾರಲ್ಲ? ನಮಗಾಗಲಿಲ್ಲ. ತೊಡೆಯ ನೋವು ಮೀನಖಂಡಕ್ಕೆ ಇಳಿಯಿತು, ಅಲ್ಲಿಂದ ಮುಂಗಾಲಿನ ಮೂಳೆಗೆ ಹೋಯಿತು. ಡಾಕ್ಟರು ಹತ್ತು ದಿನ ಓಡಬೇಡಿ ಎಂದರು. ಭಾವ ಒಂದು ದಿನ ಬಿಟ್ಟರು.

"ಹತ್ತು ದಿನ ಅಂದಿದ್ರಲ್ಲ ಭಾವ!"

"ನಿನ್ನೆ ಒಂದೇ ದಿನ ಹತ್ತು ದಿನದಷ್ಟು ಮಲಗಿದ್ದೀನಿ, ನಡಿ."

ಓಡಿ ಬಂದ ಮೇಲಿನ ದೃಶ್ಯ ನನಗೆ ಅಸಹ್ಯವಾಗುತ್ತಿತ್ತು. ನಡುಮನೆಯಲ್ಲಿ, ಸರಿಯಾಗಿ ಅಕ್ಕನ ಮಂಚದ ಎದುರಿಗೇ, ಕಾಲು ಚಾಚಿ ಕೂತು ಬಿಸಿ ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ತಿಕ್ಕಿಕೊಳ್ಳುವುದು. ತಿಕ್ಕುತ್ತ "ಅಯ್ಯೋ, ಅಮ್ಮಾ, ಸತ್ತೆ" ಎಂದು ಬೀದಿಗೆ ಕೇಳುವಂತೆ ನರಳುವುದು. ಅಕ್ಕ ಗೋಡೆ ಬಿಟ್ಟು ಇತ್ತ ತಿರುಗುತ್ತಿರಲಿಲ್ಲ. ಒಂದು ದಿನ ನನಗೆ ತಡೆಯಲಾಗಲಿಲ್ಲ.

"ಭಾವ, ನಾಚಿಕೆ ಆಗಲ್ವಾ ನಿಮಗೆ? ಕಾಲು ಮುರಿದು ಮಲಗಿದವಳ ಎದುರು ಈ ನಾಟಕ ಬೇಕಾ?"

ಅವರು ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, "ನಾಳೆ ಐದೂವರೆಗೆ ಬರ್ತೀನಿ," ಎಂದರು, ಅಷ್ಟೇ.

ಓಟದ ದಿನ ಬಂತು. ಕತ್ತಲಿರುವಾಗಲೇ ನನ್ನ ಹೆಂಡತಿಯನ್ನು ಅಕ್ಕನ ಜೊತೆ ಬಿಟ್ಟು ನನ್ನ ಕಾರಿನಲ್ಲಿ ತೀರ್ಥಹಳ್ಳಿಗೆ ಹೊರಟೆವು. ದಾರಿಯುದ್ದಕ್ಕೂ ಭಾವ ಪಕ್ಕದ ಸೀಟಿನಲ್ಲಿ ಕೂತು ಇಲ್ಲದ ಬ್ರೇಕು ತುಳಿದರು. ಓಟ ಶುರುವಾದದ್ದಷ್ಟೇ ನನಗೆ ನೆನಪು. ಮೂರನೆಯ ಕಿಲೋಮೀಟರಿಗೆ ನನ್ನ ಮೀನಖಂಡ ಹಿಡಿದುಕೊಂಡಿತು, ಸ್ವಯಂಸೇವಕರು ನನ್ನನ್ನು ಜೀಪಿಗೆ ಏರಿಸಿದರು. ಭಾವ ತಿರುಗಿಯೂ ನೋಡದೆ ಮುಂದೆ ಹೋದರು.

ಎಂಟೂವರೆಯ ಹೊತ್ತಿಗೆ ಉಳಿದವರೆಲ್ಲ ಬಂದು ಮುಟ್ಟಿದರು. ಒಂಬತ್ತಾಯಿತು. ಬ್ಯಾನರು ಬಿಚ್ಚಿದರು. ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸಿ ಟೆಂಪೋಕ್ಕೆ ಹೇರಿದರು. ಒಂಬತ್ತೂಮುಕ್ಕಾಲಿಗೆ ಖಾಕಿ ಅಂಗಿ ದೂರದಲ್ಲಿ ಕಂಡಿತು. ಭಾವ ಎಡಗಾಲು ಎಳೆದುಕೊಂಡು ಬಂದು, ಬ್ಯಾನರು ಕಟ್ಟಿದ್ದ ಕಂಬ ಮುಟ್ಟಿ, ಹಾಗೇ ನೆಲಕ್ಕೆ ಕುಸಿದರು. ಪದಕ ಮುಗಿದಿತ್ತು. ಕಸ ಗುಡಿಸುತ್ತಿದ್ದ ಹೆಂಗಸು ಉಳಿದಿದ್ದ ಒಂದು ಬಾಳೆಹಣ್ಣು ಕೊಟ್ಟಳು.

ನಾನೂ ಅವಳೂ ಸೇರಿ ಅವರನ್ನು ಕಾರಿಗೆ ಹಾಕಿದೆವು. ಹೊಸನಗರದವರೆಗೆ ಭಾವ ಒಮ್ಮೆಯೂ ಬ್ರೇಕು ತುಳಿಯಲಿಲ್ಲ. ಚಹಾಕ್ಕೆ ನಿಲ್ಲಿಸಲಾ ಎಂದು ಕೇಳಲು ತಿರುಗಿದರೆ ಅವರ ಕಣ್ಣು ಸುರಿಯುತ್ತಿತ್ತು.

"ಎಲ್ಲಾ ದಂಡ ಆಯ್ತು ಮಾರಾಯ."

"ಹೋಗ್ಲಿ ಬಿಡಿ ಭಾವ. ಓಟ ತಾನೇ?"

"ಓಟ ಯಾರಿಗೆ ಬೇಕಿತ್ತು? ದೀಪಾವಳಿ ಹೊತ್ತಿಗೆ ನಿನ್ನ ಅಕ್ಕಂಗೆ ಅಂದಿದ್ದೆ, ಎದ್ದು ನಾಲ್ಕು ಹೆಜ್ಜೆ ಹಾಕೇ, ಅದೆಷ್ಟು ಮಹಾ ನೋಯ್ತದೆ ಅಂತ. ಮೂವತ್ತು ವರ್ಷ ಕೂತೇ ದುಡಿದವ್ರಿಗೆ ಕಾಲುನೋವು ಎಂತ ಗೊತ್ತು ಅಂದ್ಲು. ಹೌದಲ್ಲ? ನಂಗೆ ಗೊತ್ತಿರ್ಲಿಲ್ಲ."

ನಾನು ಕಾರನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿದೆ.

"ಅದಕ್ಕೇ ನೋಯಿಸ್ಕೊಂಡೆ. ನೋವಿದ್ರೂ ಮಾರನೇ ದಿನ ಎದ್ದು ಹೋಗೋದನ್ನ ಅವ್ಳು ನೋಡ್ಲಿ ಅಂತ. ಎರಡು ತಿಂಗ್ಳು ಅವಳೆದುರೇ ಕೂತು ಕೂಗಿದೆ. ಒಂದ್ಸಲನೂ ತಿರುಗಲಿಲ್ಲ ಮಾರಾಯ."

ನಾಚಿಕೆ ಆಗಲ್ವಾ ಎಂದು ಇವರನ್ನು ಕೇಳಿದ್ದ ಬಾಯಿ ನನ್ನದೇ. ಚಹಾ ಮರೆತು ಗಾಡಿ ಬಿಟ್ಟೆ.

ಸಾಗರ ಸೇರಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಮನೆಯೆದುರು ಕಾರು ನಿಲ್ಲಿಸಿ ತಲೆ ಎತ್ತಿದೆ. ಜಗಲಿಯ ಅಂಚಿನಲ್ಲಿ ಅಕ್ಕ ನಿಂತಿದ್ದಳು. ಎರಡೂ ಕೈಯಲ್ಲಿ ವಾಕರ್ ಹಿಡಿದು, ಮುಖವೆಲ್ಲ ಬೆವತು, ಗಡಗಡ ನಡುಗುತ್ತ ನಿಂತಿದ್ದಳು. ಪಕ್ಕದಲ್ಲಿ ನನ್ನ ಹೆಂಡತಿ ಮುಟ್ಟಲೋ ಬೇಡವೋ ಎಂದು ಕೈ ಚಾಚಿಕೊಂಡಿದ್ದಳು.

"ನೀವು ಅತ್ತ ಹೋಗಿದ್ದೇ ಶುರು ಮಾಡಿದ್ರು," ಎಂದಳು ನನ್ನ ಹೆಂಡತಿ. "ಕೂತು, ಎದ್ದು, ಮಂಚದಿಂದ ಇಲ್ಲಿಗೆ ಬರೋಕೆ ಇಷ್ಟು ಹೊತ್ತಾಯ್ತು. ನನ್ನ ಕೈ ಬೇಡವಂತೆ."

ಭಾವ ಕಾರಿನ ಬಾಗಿಲು ತೆಗೆದವರು ಒಂದು ಕಾಲು ಹೊರಗಿಟ್ಟು ಹಾಗೇ ಕೂತುಬಿಟ್ಟರು.

"ಎಷ್ಟನೆಯವ್ರು?" ಅಕ್ಕ ಕೇಳಿದಳು.

"ಕೊನೆಯವ್ನು ಕಣೇ."

"ಮುಟ್ಟಿದ್ರಲ್ಲ."

ಭಾವ ಏಳಲು ನೋಡಿದರು. ಆಗಲಿಲ್ಲ. ಬಾಗಿಲು ಹಿಡಿದು ಇನ್ನೊಮ್ಮೆ ನೋಡಿದರು, ಮತ್ತೆ ಸೀಟಿಗೆ ಬಿದ್ದರು. ನಾನು ಹಿಡಿಯಲು ಓಡಿದೆ. ಅಕ್ಕ ತಲೆಯಾಡಿಸಿ ನನ್ನನ್ನು ತಡೆದಳು.

"ಅವಸರ ಇಲ್ಲ, ನಿಧಾನಕ್ಕೆ ಬನ್ನಿ," ಎಂದಳು ಅವರಿಗೆ. "ನಾನು ಇಲ್ಲೇ ನಿಂತಿರ್ತೀನಿ."