ತೂತು ಮುಚ್ಚಲು ತೂತಿನ ರಿವಿಟ್ಟು

ನನ್ನ ಮೊಮ್ಮಗಳು ನಾಗವೇಣಿಯ ದೋಣಿ ಇವತ್ತು ಕೆರೆಯಲ್ಲಿ ತೇಲಿತು! ಒಂದು ಹನಿ ನೀರೂ ಒಳಗೆ ಬರಲಿಲ್ಲ. ನಮ್ಮೂರು ಬಿ.ಜಿ. ಕೆರೆಯಲ್ಲಿ ಕೇಳಿದವರಿಗೂ ಕೇಳದವರಿಗೂ ಇದನ್ನು ಹೇಳಿಬಂದಿದ್ದೇನೆ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಸಂತೋಷವನ್ನು ಅಳೆದು ತೂಗಿ ಬರೆಯಲು ಬರುವುದಿಲ್ಲ.

ನಮ್ಮ ಕಡೆ ದೋಣಿ ಎಂದರೆ ಜನ ನಗುತ್ತಾರೆ. ಮಳೆ ಬಂದರೆ ಕೆರೆ, ಇಲ್ಲದಿದ್ದರೆ ಕ್ರಿಕೆಟ್ ಮೈದಾನ. ಈ ವರ್ಷ ಕೆರೆ ಕೋಡಿ ಬಿತ್ತು. ಐಟಿಐ ಓದಿದ ನಾಗವೇಣಿ, ಮೀನು ಹಿಡಿಯುತ್ತೇನೆಂದು ಎಲ್ಲಿಂದಲೋ ಹಳೆಯ ಅಲ್ಯೂಮಿನಿಯಂ ದೋಣಿ ತಂದಳು. ತಳದಲ್ಲಿ ಸೀಳು. ಇಳಿಸಿದ ದಿನವೇ ಹೊಟ್ಟೆ ತುಂಬ ನೀರು ಕುಡಿಯಿತು. ಅವಳಪ್ಪ, ಅಂದರೆ ನನ್ನ ಮಗ ತಿಪ್ಪೇಶ, "ಇನ್ನೊಂದ್ ಸಲ ಸೋರಿದ್ರೆ ಗುಜರಿಗೆ ಹಾಕ್ತೀನಿ" ಎಂದ. ಸುಮ್ಮನೆ ಹೇಳುವ ಆಸಾಮಿಯಲ್ಲ. ನನ್ನ ಸೈಕಲ್ಲು ಹೋದದ್ದೂ ಹಾಗೆಯೇ.

ಸೀಳಿನ ಮೇಲೆ ತಗಡಿಟ್ಟು ರಿವಿಟ್ಟು ಹೊಡೆಯಬೇಕಿತ್ತು. ಸೀಟಿನಡಿ ಕೈ ಹೋಗದ ಜಾಗ. ಹೊರಗಿನಿಂದಲೇ ಗನ್ನಿನಲ್ಲಿ ಹೊಡೆಯುವ ಪಾಪ್ ರಿವಿಟ್ಟೇ ಆಗಬೇಕು. "ತಾತ, ತಳ ಮುಚ್ಚಿರೋ ರಿವಿಟ್ಟು ತಗಂಬಾ" ಎಂದಳು ನಾಗವೇಣಿ. ಎಣ್ಣೆ ಮಿಲ್ಲಿನಲ್ಲಿ ಡಬ್ಬಕ್ಕೆ ಬೆಸುಗೆ ಹಾಕಿದ ನನಗೆ ಬುದ್ಧಿ ಹೇಳುವುದೇ?

ಚಳ್ಳಕೆರೆಯ ಅಂಗಡಿಯವನು, "ಯಾತಕ್ಕೆ ತಾತ?" ಎಂದ.

"ದೋಣಿಗಪ್ಪ."

"ಚಳ್ಳಕೆರೆಗೆ ಸಮುದ್ರ ಬಂತೇನ್ರಿ!"

ಅಂಗಡಿಯೆಲ್ಲ ನಕ್ಕಿತು. ಅವಮಾನದಲ್ಲಿ ತಳ ನೋಡದೆ ಅವನು ಕೊಟ್ಟದ್ದನ್ನೇ ತಂದು, ಅವಳು ಮನೆಯಲ್ಲಿಲ್ಲದಾಗ ಟಕಟಕ ಹೊಡೆದುಬಿಟ್ಟೆ.

ಪರೀಕ್ಷೆಯೂ ಮಿಲ್ಲಿನದ್ದೇ: ಹೊರಗೆ ಸುಣ್ಣ ಬಳಿದು ಒಣಗಿಸಿ, ಒಳಗೆ ನೀರು ತುಂಬುವುದು. ಸೋರಿದ ಕಡೆ ಸುಣ್ಣ ಒದ್ದೆಯಾಗಿ ಕಪ್ಪಾಗುತ್ತದೆ. ಕಪ್ಪಾಗುವುದೇನು, ಪ್ರತಿ ರಿವಿಟ್ಟಿನ ಹೊಕ್ಕಳಿಂದಲೂ ತೊಟ್ಟಿಲ ಕೂಸಿನಂತೆ ನೀರು ಚಿರ್ರೆಂದಿತು!

"ಗನ್ನು ಎಳ್ದು ಒಳಗಿನ ಕಡ್ಡಿ ಮುರಿದ್ಮೇಲೆ ಇವುಕ್ಕೆ ನಡುಮಧ್ಯ ತೂತು ಉಳೀತೈತೆ ತಾತ. ಅಂಗಡಿ ಬೋರ್ಡ್ ಹೊಡಿಯೋವು ಇವು" ಎಂದಳು ನಾಗವೇಣಿ. "ಒಂದ್ ತೂತು ಮುಚ್ಚೋಕೆ ಒಂದ್ ರಾಶಿ ತೂತು ತಂದೆಯಲ್ಲ!"

ತಿಪ್ಪೇಶ ಒಳಗಿನಿಂದಲೇ, "ನಾಳೆ ಸಂಜೆ ಗುಜರಿ ಗಾಡಿ ಬರ್ತೈತೆ" ಎಂದ. ಹುಡುಗಿಯ ಕಣ್ಣು ತುಂಬಿತು. 

ಇವತ್ತು ಮೊದಲ ಬಸ್ಸಿಗೇ ಹೋಗಿ ಅವಳೇ ತಳ ಮುಚ್ಚಿದ ರಿವಿಟ್ಟು ತಂದಳು. ದೋಣಿಯ ತಗಡು, ಮೇಲಿನ ತಗಡು ಎರಡನ್ನೂ ಸೇರಿಸಿ ಅಳೆದು ಅಷ್ಟಕ್ಕೆ ತಕ್ಕ ಉದ್ದದವನ್ನೇ ಆರಿಸಿದ್ದಳು. ರಾತ್ರಿಯೇ ನನ್ನವನ್ನು ಕೊರೆದು ತೆಗೆದಾಗ ತೂತು ಹಿಗ್ಗಿದ್ದವು. ಅದಕ್ಕೇ ಒಂದು ಸೈಜು ದಪ್ಪ. ನಡುವೆ ಅಂಟು ಮೆತ್ತಿ, ಗನ್ನನ್ನು ನೆಟ್ಟಗೆ ಒತ್ತಿ ಹೊಡೆದಳು. "ಹೆಣ್ಣುಮಗೀಗೆ ಡ್ರಿಲ್ಲು ಯಾಕ್ ಬೇಕಿತ್ತು" ಎನ್ನಲು ಬಂದ ಪಕ್ಕದ ಮನೆಯವನ ಕೈಗೆ ನಾನು ಸುಣ್ಣದ ಬಕೆಟ್ಟು ಕೊಟ್ಟೆ. ನೀರು ತುಂಬಿದೆವು. ಸುಣ್ಣ ಬೆಳ್ಳಗೇ ಉಳಿಯಿತು. ಗುಜರಿ ಗಾಡಿ ಬಂದಾಗ ದೋಣಿ ಕೆರೆಯಲ್ಲಿತ್ತು.

ರಾತ್ರಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಮುದ್ದೆ, ಅವಳೇ ಹಿಡಿದ ಮೀನಿನ ಸಾರು. ತಿಪ್ಪೇಶ ಮೂರು ಸಲ ಹಾಕಿಸಿಕೊಂಡ. ನಾನು ಮಾತ್ರ ಬಿಡದೆ, "ಎಂಥ ದೋಣಿ, ಕಲ್ಲಿದ್ದಂಗೈತೆ!" ಎನ್ನುತ್ತಲೇ ಇದ್ದೆ.

"ಹಂಗಾರೆ ಬೆಳಿಗ್ಗೆ ನೀನೂ ಬಾ ತಾತ, ಕೆರೆ ನಡುಕ್ಕೆ ಹೋಗಾನ" ಎಂದಳು ನಾಗವೇಣಿ.

ಎಲ್ಲರೂ ತುತ್ತು ನಿಲ್ಲಿಸಿ ನನ್ನನ್ನೇ ನೋಡಿದರು. ಈಜು ಬಾರದ ನಾನು ತಲೆ ತಗ್ಗಿಸಿ, ಬಹಳ ಶ್ರದ್ಧೆಯಿಂದ ಮೀನಿನ ಮುಳ್ಳು ಹುಡುಕತೊಡಗಿದೆ.